ಒಳಗೆ ಅಂಟಿಕೊಂಡದ್ದು

ತಮ್ಮನ ಹೆಂಡತಿ ತೀರಿಕೊಂಡು ಆರು ವಾರ ಕಳೆದಿತ್ತು. ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಪ್ಲೇಟಮ್ಮನಿಗೆ ಅವಳ ದನಿ ಕೇಳಿಸಿತು.

"ಅಕ್ಕಾ, ಇನ್ನೂ ಒಳಗೇ ಇದೆ."

ದನಿ ಬಂದದ್ದು ಸ್ಯಾಂಪಲ್ ತೆಗೆದುಕೊಳ್ಳುವ ಕಿಟಕಿಯ ಕಡೆಯಿಂದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳು ಕೆಲಸ ಮಾಡುವ ಲ್ಯಾಬಿಗೂ ಹೊರಗಿನ ಕಾರಿಡಾರಿಗೂ ನಡುವೆ ಒಂದು ಮೊಳ ಅಗಲದ ಕಿಟಕಿಯಿತ್ತು. ಜನ ಅದರೊಳಗೆ ಕೈ ತೂರಿಸಿ, ಮುಖ ಬೇರೆ ಕಡೆ ತಿರುಗಿಸಿಕೊಂಡು ಬಾಟಲಿ ಇಟ್ಟು ಹೋಗುತ್ತಿದ್ದರು. ಪ್ಲೇಟಮ್ಮ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಬಿಟ್ಟು ಕಿಟಕಿಗೆ ಹೋಗಿ ಬಗ್ಗಿ ನೋಡಿದಳು. ಮುದುಕರೊಬ್ಬರು ಬಾಟಲಿಯ ಮುಚ್ಚಳ ಬಿಗಿಯಾಗಿದೆಯೋ ಇಲ್ಲವೋ ಎಂದು ಮೂರನೇ ಸಲ ತಿರುವಿ ನೋಡುತ್ತಿದ್ದರು. ಬೆಂಚಿನ ಮೇಲೆ ಇನ್ನಿಬ್ಬರು ಗಂಡಸರು. ಹೆಂಗಸರು ಯಾರೂ ಇರಲಿಲ್ಲ.

ಅವಳು ದೆವ್ವಭೂತ ನಂಬುವವಳಲ್ಲ. ಇಪ್ಪತ್ತಾರು ವರ್ಷ ಅದೇ ಕೋಣೆಯಲ್ಲಿ ಕ್ರಿಮಿ ಬೆಳೆಸಿದವಳು. ಹಿಡಿಯಷ್ಟಗಲದ ಗಾಜಿನ ತಟ್ಟೆಗೆ ಪೋಷಕಾಂಶದ ಲೋಳೆ ಸುರಿದು, ಅದು ಗಟ್ಟಿಯಾದ ಮೇಲೆ ರೋಗಿಯ ಸ್ಯಾಂಪಲ್ ಸವರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ, ಮರುದಿನ ಕ್ರಿಮಿಗಳು ಚುಕ್ಕಿ ಚುಕ್ಕಿಯಾಗಿ ಎದ್ದಿರುತ್ತಿದ್ದವು. ಒಗ್ಗರಣೆಯ ವಾಸನೆಯಲ್ಲೇ ಪಕ್ಕದ ಮನೆಯ ಅಡುಗೆ ಹೇಳುವವರಿಲ್ಲವೇ, ಹಾಗೆ ಇವಳು ತಟ್ಟೆಯ ಮುಚ್ಚಳ ತೆಗೆದರೆ ಸಾಕು, ಯಾವ ಕ್ರಿಮಿ ಎಂದು ಹೇಳಿಬಿಡುತ್ತಿದ್ದಳು. ಪ್ಲೇಟಮ್ಮ ಎಂಬ ಹೆಸರು ಹಾಗೆ ಬಂದದ್ದು.

ಸತ್ತವಳನ್ನು ಮನೆಯಲ್ಲಿ ಎಲ್ಲರೂ ಸೂಜಿ ಎನ್ನುತ್ತಿದ್ದರು. ತಮ್ಮನೇ ಇಟ್ಟ ಹೆಸರು. ಮೈ ಸಣ್ಣ, ಮಾತು ಚೂಪು. "ನಾನು ಚುಚ್ಚೋದು ಬಾಯಲ್ಲಿ ಮಾತ್ರ, ಕೈಯಲ್ಲಿ ಹೊಲಿದು ಸರಿಮಾಡ್ತೀನಿ" ಎಂದು ಅವಳೇ ನಗುತ್ತಿದ್ದಳು. ಶಾಲೆಯ ಸಮವಸ್ತ್ರ ಹೊಲಿಯುವ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಪಾಳಿಗೆ ಎರಡೇ ಬಿಡುವು. ಮಧ್ಯೆ ಎದ್ದವರ ಹೆಸರನ್ನು ಮೇಲ್ವಿಚಾರಕ ಬರೆದುಕೊಳ್ಳುತ್ತಿದ್ದ. ನೀರು ಕುಡಿದರೆ ಏಳಬೇಕಾಗುತ್ತದೆಂದು ಹೆಂಗಸರು ನೀರನ್ನೇ ಕುಡಿಯುತ್ತಿರಲಿಲ್ಲ. ಪ್ಲೇಟಮ್ಮನ ತಮ್ಮ ಶಾಲಾ ಬಸ್ಸಿನ ಡ್ರೈವರ್. ಮಕ್ಕಳಿರಲಿಲ್ಲ. ದಿನಕ್ಕೆ ಎರಡು ಹೊತ್ತು ಐವತ್ತು ಮಕ್ಕಳನ್ನು ಸಾಗಿಸುತ್ತೇನೆ, ಅಷ್ಟು ಸಾಕು ಎನ್ನುತ್ತಿದ್ದ.

ಸೂಜಿಗೆ ಮೊದಲ ಸಲ ಉರಿಮೂತ್ರ ಶುರುವಾದಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಒಂದು ವಾರ ಮಾತ್ರೆ, ಪರೀಕ್ಷೆ ಸ್ವಚ್ಛ. ಎರಡು ತಿಂಗಳಿಗೆ ಮತ್ತೆ. ಮತ್ತೆ ಮಾತ್ರೆ, ಮತ್ತೆ ಸ್ವಚ್ಛ. ಮೂರು ವರ್ಷದಲ್ಲಿ ಹತ್ತು ಸಲ ಹೀಗೇ ಆಯಿತು. ಪ್ರತಿ ಸಲವೂ ಅವಳು ಆ ಕಿಟಕಿಗೇ ಬಂದು ಬಾಟಲಿ ಇಡುತ್ತಿದ್ದಳು. ಉಳಿದವರ ಹಾಗೆ ಮುಖ ತಿರುಗಿಸದೆ, ಒಳಗೆ ಇಣುಕಿ "ಅಕ್ಕಾ, ನಿನ್ನ ಗಿರಾಕಿ ಬಂದೆ" ಎನ್ನುತ್ತಿದ್ದಳು.

ನಾಲ್ಕನೇ ಸಲದ ಹೊತ್ತಿಗೆ ಲ್ಯಾಬಿನ ದೊಡ್ಡ ಡಾಕ್ಟರಿಗೆ ಕುತೂಹಲ ಹುಟ್ಟಿತು. ಹಳೇ ಕ್ರಿಮಿಯೇ ಮರಳಿ ಬರುತ್ತಿದೆಯೋ, ಪ್ರತಿ ಸಲ ಹೊಸದು ಸೇರುತ್ತಿದೆಯೋ? ತಿಳಿಯಲು ಒಂದು ಸುಲಭ ಪರೀಕ್ಷೆ ಹೇಳಿಕೊಟ್ಟರು. ಈ ಜಾತಿಯ ಕ್ರಿಮಿಗಳಲ್ಲಿ ಕೆಲವಕ್ಕೆ ಮೈತುಂಬ ಕೂದಲಿನಂಥ ಎಳೆಗಳಿರುತ್ತವೆ. ಆ ಎಳೆಗಳ ತುದಿಯಿಂದಲೇ ಅವು ಮೂತ್ರಕೋಶದ ಗೋಡೆಗೆ ಕಚ್ಚಿಕೊಳ್ಳುವುದು. ಗಾಜಿನ ಚೂರಿನ ಮೇಲೆ ಒಂದು ಹನಿ ಕ್ರಿಮಿ, ಒಂದು ಹನಿ ಬ್ರೆಡ್ಡಿಗೆ ಹಾಕುವ ಯೀಸ್ಟು ಬೆರೆಸಿ ತೂಗಾಡಿಸಬೇಕು. ಎಳೆಯಿದ್ದರೆ ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತದೆ. ಇಲ್ಲದಿದ್ದರೆ ತಿಳಿಯಾಗಿಯೇ ಉಳಿಯುತ್ತದೆ.

ಎತ್ತಿಟ್ಟಿದ್ದ ಮೊದಲ ಮೂರಕ್ಕೂ, ಆಮೇಲೆ ಪ್ರತಿ ಸಲವೂ ಪ್ಲೇಟಮ್ಮ ಅದನ್ನು ಮಾಡಿದಳು. ಒಮ್ಮೆ ಗಂಟಾಯಿತು, ಇನ್ನೊಮ್ಮೆ ಆಗಲಿಲ್ಲ, ಮತ್ತೊಮ್ಮೆ ಆಯಿತು. ಯಾವ ಮಾತ್ರೆಗೆ ಬಗ್ಗುತ್ತದೆ ಎಂಬ ಪಟ್ಟಿಯಲ್ಲೂ ಅಷ್ಟಿಷ್ಟು ಹೆಚ್ಚುಕಮ್ಮಿ. ದೊಡ್ಡ ಡಾಕ್ಟರು ಕಾಗದ ನೋಡಿ, "ಇವು ಬೇರೆ ಬೇರೆ. ಹೊರಗಿಂದ ಬರ್ತಾ ಇದೆ" ಎಂದು ಬರೆದರು. ಮೊದಲ ಸಲದಿಂದಲೂ ಪ್ರತಿಯೊಂದರ ಮಾದರಿಯನ್ನೂ ಒಂದೊಂದು ಪುಟ್ಟ ಟ್ಯೂಬಿನಲ್ಲಿ ಹಾಕಿ ಅವಳು ಡೀಪ್ ಫ್ರೀಜರ್ ಎಂಬ ಮಹಾಶೀತದ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು.

ಡಾಕ್ಟರು ಹಾಗೆ ಬರೆದ ವಾರದ ಭಾನುವಾರ ತವರಿನಲ್ಲಿ ಊಟಕ್ಕೆ ಕೂತಾಗ ಅಮ್ಮ ಕೇಳಿದರು. "ಏನಂತೆ ಇವಳದ್ದು? ನಿಮ್ಮ ಡಾಕ್ಟರು ಏನಂದ್ರು?"

"ಪ್ರತಿ ಸಲ ಹೊಸಾ ಕ್ರಿಮಿ ಅಮ್ಮ. ಹೊರಗಿಂದ ಬರ್ತಿದೆ."

"ಹೊರಗಿಂದ ಅಂದ್ರೆ? ತೊಳ್ಕೊಳ್ಳೋದು ಬಳ್ಕೊಳ್ಳೋದು ಸರಿಯಿಲ್ಲ ಅಂತ ತಾನೇ?"

ಸೂಜಿ ಕಡೆಗೆ ಯಾರೂ ನೋಡಲಿಲ್ಲ. ಅವಳ ಚೂಪು ಬಾಯಿ ಅಂದು ತೆರೆಯಲಿಲ್ಲ. ತನ್ನ ಅಕ್ಕ ಏನಾದರೂ ಹೇಳುತ್ತಾಳೇನೋ ಎಂದು ತಮ್ಮ ಒಂದು ಗಳಿಗೆ ಕಾದ. ಪ್ಲೇಟಮ್ಮ, ಹಾಗಲ್ಲಮ್ಮ ಎನ್ನಬಹುದಿತ್ತು. ಎನ್ನಲಿಲ್ಲ. ಅವಳಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಅಂದಿನಿಂದ ಆ ಮನೆಯಲ್ಲಿ ಸೂಜಿಗೆ ಬೇರೆ ಬಕೆಟು, ಬೇರೆ ಸೋಪು, ಬೇರೆ ಟವೆಲ್ಲು ಬಂದವು. ಅವಳು ತೊಳೆದಳು. ಬೆರಳ ಸಂದಿಯಲ್ಲಿ ಚರ್ಮ ಸುಲಿದು, ಹೊಲಿಯುವಾಗ ಬಿಳಿ ಬಟ್ಟೆಗೆ ರಕ್ತದ ಚುಕ್ಕಿ ಹತ್ತುವಷ್ಟು ತೊಳೆದಳು. ಕಾಯಿಲೆ ಮಾತ್ರ ಬಂದೇ ಬಂತು.

ಹತ್ತನೇ ಸಲದ ಮಾತ್ರೆ ಮುಗಿದ ಮೇಲೆ ಕಿಟಕಿಗೆ ಬಂದಾಗ ಅವಳು ನಗಲಿಲ್ಲ. "ಅಕ್ಕಾ, ಹೊಸದಲ್ಲ ಇದು. ಅದೇ. ಇನ್ನೂ ಒಳಗೇ ಇದೆ. ಗೋಡೆಗೆ ಅಂಟ್ಕೊಂಡು ಕೂತ ಹಾಗಿದೆ. ಅದು ಬರೋ ದಾರಿ ನಂಗೆ ಗೊತ್ತಾಗುತ್ತೆ."

"ನೀನೇನು ಮೈಕ್ರೋಸ್ಕೋಪಾ?" ಎಂದಿದ್ದಳು ಪ್ಲೇಟಮ್ಮ, ತಮಾಷೆಗೆ. "ನಿನ್ನೆ ಕೊಟ್ಟದ್ದು ನೋಡಿದೀನಿ. ಫಳಫಳ ಅಂತಿದೆ. ಹೋಗು, ನೆಮ್ಮದಿಯಾಗಿರು."

ಒಂಬತ್ತು ದಿನಕ್ಕೆ ನಡುಕದ ಜ್ವರ ಬಂತು. ಕ್ರಿಮಿ ಮೂತ್ರಪಿಂಡ ಹತ್ತಿ, ಅಲ್ಲಿಂದ ರಕ್ತಕ್ಕೆ ಇಳಿದಿತ್ತು. ಎರಡೇ ದಿನ. ರಕ್ತದಿಂದ ಬೆಳೆಸಿದ್ದು ಹನ್ನೊಂದನೇ ಟ್ಯೂಬಾಯಿತು. ಅದಕ್ಕೂ ಆ ಪರೀಕ್ಷೆ ಮಾಡಿದ್ದೂ, ಅದರ ಮೇಲಿನ ಚೀಟಿ ಬರೆದದ್ದೂ ಪ್ಲೇಟಮ್ಮನೇ.

ಆ ಮಂಗಳವಾರದಿಂದ ದನಿ ಆಗಾಗ ಕೇಳಿಸತೊಡಗಿತು. ಹಾಡುಹಗಲೇ. ಜನ ಗಿಜಿಗುಡುವಾಗಲೇ. ಒಮ್ಮೊಮ್ಮೆ ಬರೀ "ಅಕ್ಕಾ" ಎಂದಷ್ಟೇ. ಅವಳು ಕಿಟಕಿಯ ಕಡೆ ಬೆನ್ನು ಹಾಕಿ ಕೂರಲು ಶುರುಮಾಡಿದಳು. ಆಗ ಬೆನ್ನಿಗೆ ಯಾರೋ ಕಣ್ಣು ನೆಟ್ಟ ಹಾಗಾಗುತ್ತಿತ್ತು. ಮಹಾಶೀತದ ಪೆಟ್ಟಿಗೆಯ ಬಾಗಿಲು ತೆರೆಯುವುದನ್ನು ಬೇರೆಯವರಿಗೆ ಹೇಳುತ್ತಿದ್ದಳು. ಅದರ ಮೇಲಿನ ಅರೆಯ ಎಡ ಮೂಲೆಯಲ್ಲಿ ಆ ಹನ್ನೊಂದೂ ಸಾಲಾಗಿ ನಿಂತಿವೆಯೆಂದು ಅವಳಿಗೆ ನೋಡದೆಯೂ ಗೊತ್ತಿತ್ತು.

ಆ ವರ್ಷ ಲ್ಯಾಬಿಗೆ ಹೊಸ ಡಾಕ್ಟರೊಬ್ಬಳು ಬಂದಿದ್ದಳು. ಇನ್ನೂ ಮೂವತ್ತು ದಾಟದ ಹುಡುಗಿ. ಎಲ್ಲಕ್ಕೂ "ಯಾಕೆ" ಎನ್ನುವ ಸ್ವಭಾವ. ಪೆಟ್ಟಿಗೆಯ ಪಟ್ಟಿ ಸರಿಮಾಡುತ್ತಿದ್ದಾಗ ಅವಳು ಕೇಳಿದಳು. "ಒಬ್ಬರದೇ ಹನ್ನೊಂದು ಇದೆಯಲ್ಲ, ಯಾಕೆ?"

ಪ್ಲೇಟಮ್ಮ ಒಂದೇ ಉಸಿರಿಗೆ ಹೇಳಿದಳು. ಸಂಬಂಧ ಮಾತ್ರ ಹೇಳಲಿಲ್ಲ.

"ಗಂಟಾಗೋ ಪರೀಕ್ಷೆಗೆ ಕ್ರಿಮಿ ಎಲ್ಲಿಂದ ತಗೊಂಡ್ರಿ? ತಟ್ಟೆಯಿಂದಲೋ, ಕ್ರಿಮಿ ಬೆಳೆಸೋ ಬಾಟಲಿಯ ತಿಳಿಸಾರಿಂದಲೋ?"

"ಯಾವುದು ಕೈಗೆ ಸಿಕ್ಕಿತೋ ಅದು. ಕೆಲಸ ಕಮ್ಮಿ ಇದ್ದ ದಿನ ಸಾರಲ್ಲಿ ಬೆಳೆಸ್ತಿದ್ದೆ. ಗಡಿಬಿಡಿ ಇದ್ದಾಗ ಸೀದಾ ತಟ್ಟೆಯಿಂದ ಕೆರೆದು ತಗೊಳ್ತಿದ್ದೆ. ಯಾಕೆ?"

ಹೊಸ ಡಾಕ್ಟರು ಕೈಯಲ್ಲಿದ್ದ ಪಟ್ಟಿ ಬದಿಗಿಟ್ಟಳು. ಆಮೇಲೆ ಮೆಲ್ಲಗೆ, "ನಿಮ್ಮ ಹಳೇ ನೋಟ್‌ಬುಕ್ ಇದೆಯಾ?" ಎಂದಳು.

ನೋಟ್‌ಬುಕ್ ಇತ್ತು. ಇಬ್ಬರೂ ಬೆರಳಿಟ್ಟು ಓದಿದರು. ಗಂಟಾಗಿದ್ದ ಐದೂ ದಿನ ಅವಳು ಸಾರಿನಿಂದ ತೆಗೆದುಕೊಂಡಿದ್ದಳು. ಗಂಟಾಗದ ಆರೂ ದಿನ ತಟ್ಟೆಯಿಂದ.

ಪ್ಲೇಟಮ್ಮ ಪುಟಗಳನ್ನು ಮತ್ತೆ ಮೊದಲಿನಿಂದ ತಿರುವಿದಳು. ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ.

"ಎಳೆ ಇರೋ ಕ್ರಿಮಿ, ಇಲ್ಲದ ಕ್ರಿಮಿ ಅಂತ ಎರಡು ಜಾತಿ ಅಲ್ಲಮ್ಮ" ಎಂದಳು ಹೊಸ ಡಾಕ್ಟರು. "ಒಂದೇ ಕ್ರಿಮಿ. ಅದರ ಡಿಎನ್‌ಎಯಲ್ಲಿ ಒಂದು ಚಿಕ್ಕ ತುಂಡಿದೆ. ಆ ತುಂಡು ಬಿಚ್ಚಿಕೊಂಡು, ಹಿಂದುಮುಂದಾಗಿ ತಿರುಗಿ, ಅದೇ ಜಾಗದಲ್ಲಿ ಮತ್ತೆ ಸೇರ್ಕೊಳ್ಳುತ್ತೆ. ಒಂದು ಕಡೆ ಮುಖ ಮಾಡಿದ್ರೆ ಎಳೆ ಹುಟ್ಟಿಸೋ ಜೀನು ಓಡುತ್ತೆ. ಇನ್ನೊಂದು ಕಡೆ ತಿರುಗಿದ್ರೆ ನಿಂತುಹೋಗುತ್ತೆ. ಅಲುಗಾಡಿಸದ ಸಾರಲ್ಲಿ ಬಿಟ್ರೆ ಬಹಳಷ್ಟು ಎಳೆ ಬಿಟ್ಕೊಳ್ತವೆ. ತಟ್ಟೆ ಮೇಲೆ ಬಹಳಷ್ಟು ಮುಚ್ಕೊಳ್ತವೆ. ಮೈಯೊಳಗೂ ಹಾಗೇ. ಗೋಡೆಗೆ ಅಂಟೋಕೆ ಎಳೆ ಬೇಕು. ಆದ್ರೆ ಮೈ ಕಾಯೋ ಜೀವಕೋಶಗಳು ಆ ಎಳೆ ನೋಡೇ ಕಳ್ಳನ ಗುರುತು ಹಿಡಿಯೋದು. ಅದಕ್ಕೇ ಕೆಲವು ಬಿಡ್ತವೆ, ಕೆಲವು ಮುಚ್ತವೆ."

"ಪರೀಕ್ಷೆ ಸ್ವಚ್ಛ ಬಂತಲ್ಲ?"

"ನೀವು ನೋಡಿದ್ದು ಹರಿದುಬಂದ ಮೂತ್ರ. ಅಂಟಿಕೊಂಡಿದ್ದು ಅದರಲ್ಲಿ ಬರಲ್ಲ. ಗೋಡೆಯ ಜೀವಕೋಶದ ಒಳಗೇ ತಿಂಗಳುಗಟ್ಟಲೆ ಕೂತಿರಬಹುದು."

ಆದರೂ ಖಾತ್ರಿ ಬೇಕು ಎಂದಳು ಹೊಸ ಡಾಕ್ಟರು. ಹನ್ನೊಂದು ಟ್ಯೂಬನ್ನೂ ಎಬ್ಬಿಸಿ ಸಾರಿನಲ್ಲಿ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಎರಡು ದಿನ ಅಲುಗಾಡಿಸದೆ ಇಡಬೇಕು. ಬೇರೆಯವರಿಗೆ ಕೊಡಲು ಮನಸ್ಸಾಗದೆ ಪ್ಲೇಟಮ್ಮ ತಾನೇ ಇಟ್ಟಳು. ಆ ಎರಡು ದಿನ ಲ್ಯಾಬಿನಲ್ಲಿ ಯಾರು ಬಾಗಿಲು ಬಡಿದರೂ ಬೈದಳು. ಪೆಟ್ಟಿಗೆಯ ಹತ್ತಿರ ಹಾಯುವಾಗ, ಮಲಗಿದ ಕೂಸಿನ ಪಕ್ಕ ಹೋಗುವವಳ ಹಾಗೆ ಹೆಜ್ಜೆ ಹಗುರ ಮಾಡುತ್ತಿದ್ದಳು. ಗಾಜಿನ ಬಾಗಿಲಿನಾಚೆ ಹನ್ನೊಂದು ಬಾಟಲಿಗಳು ನಿಧಾನವಾಗಿ ಮಬ್ಬಾದವು. ಮೇಲ್ಮೈಯಲ್ಲಿ ತೆಳ್ಳಗೆ ಕೆನೆಯಂಥ ಪೊರೆ ಕಟ್ಟಿತು. "ಅಕ್ಕಾ, ಒಳಗೇ ಇದೆ" ಎಂಬ ದನಿ ಈಗ ಕಿಟಕಿಯಿಂದಲ್ಲ, ಆ ಪೆಟ್ಟಿಗೆಯಿಂದಲೇ ಬಂದ ಹಾಗಾಯಿತು. ಎರಡನೆಯ ದಿನ ಮಧ್ಯಾಹ್ನ ಅವಳು ಅದಕ್ಕೆ ಗಟ್ಟಿಯಾಗಿಯೇ ಉತ್ತರ ಕೊಟ್ಟಳು. "ಹೌದು ಕಣೇ. ಗೊತ್ತಾಯ್ತು." ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು.

ಹನ್ನೊಂದು ಗಾಜಿನ ಚೂರು, ಹನ್ನೊಂದು ಹನಿ. ಒಂದೊಂದನ್ನೇ ತೂಗಾಡಿಸಿದಳು. ಎಲ್ಲವೂ ಗಂಟಾದವು. ಬಿಳಿ ಹನಿ ಕಣ್ಣೆದುರೇ ಒಡೆದು ಹರಳು ಹರಳಾಗಿ ನಿಲ್ಲುತ್ತಿತ್ತು. ಅದೇ ಕ್ರಿಮಿಗಳನ್ನು ತಟ್ಟೆಗೆ ದಾಟಿಸಿ ಮತ್ತೆ ನೋಡಿದರೆ ಒಂದೂ ಗಂಟಾಗಲಿಲ್ಲ. ಹೊಸ ಡಾಕ್ಟರು ಡಿಎನ್‌ಎ ಹೋಲಿಸಲು ಕಳಿಸಿದ್ದು ಮೂರು ವಾರಕ್ಕೆ ಬಂತು. ಹನ್ನೊಂದೂ ಒಂದೇ. ಮೊದಲ ಸಲ ಒಳಹೊಕ್ಕದ್ದು ಆಚೆ ಹೋಗಿಯೇ ಇರಲಿಲ್ಲ.

ಆ ದಿನದಿಂದ ದನಿ ನಿಂತಿತು. ಪ್ಲೇಟಮ್ಮ ವಾರಗಟ್ಟಲೆ ಕಿಟಕಿಯ ಕಡೆ ಕಿವಿಗೊಟ್ಟು ಕೂತಳು. ಬೈಯುವುದಕ್ಕಾದರೂ ಬರಲಿ ಎಂದು ಕಾದಳು. ಬರಲಿಲ್ಲ. ಕೇಳಿಸುತ್ತಿದ್ದ ದಿನಗಳೇ ವಾಸಿಯಿದ್ದವು.

ದೊಡ್ಡ ಡಾಕ್ಟರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು. "ನಾನು ಕೇಳಬೇಕಿತ್ತು, ಎಲ್ಲಿಂದ ತಗೊಂಡೆ ಅಂತ" ಎಂದರು. ಇನ್ನು ಮುಂದೆ ಆ ಒಂದೇ ಪರೀಕ್ಷೆ ನಂಬಿ ಹೊಸದು, ಹಳೆಯದು ಎಂದು ಬರೆಯಕೂಡದೆಂದು ನೋಟಿಸು ಹಚ್ಚಿಸಿದರು. ಪ್ಲೇಟಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹೊರೆ ಇಳಿಯುತ್ತಿತ್ತೇನೋ.

ಅಮ್ಮನಿಗೆ ಹೇಳಿದಳು. ಅಮ್ಮ ಬಟ್ಟೆ ಮಡಚುತ್ತಿದ್ದವರು ಮಡಚುತ್ತಲೇ ಇದ್ದರು. "ಸತ್ತವಳ ಮೇಲೆ ಇನ್ನೂ ಎಂಥಾ ಪರೀಕ್ಷೆ? ಬಿಡು."

"ಅವಳು ಶುಚಿ ಇರಲಿಲ್ಲ ಅಂದ್ಯಲ್ಲಮ್ಮ. ಅದು ಸುಳ್ಳು."

"ನಾನೆಲ್ಲಂದೆ? ನಿಮ್ಮ ಡಾಕ್ಟರು ಅಂದದ್ದು. ನೀನು ಬಂದು ಹೇಳಿದ್ದು." ಅಷ್ಟು ಹೇಳಿ ಅಮ್ಮ ಒಳಗೆ ಹೋದರು. ಬಚ್ಚಲಲ್ಲಿ ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಬಂದಾಗ ಅವರ ಮುಖ ಕೆಂಪಾಗಿತ್ತು.

ತಮ್ಮನಿಗೆ ಹೇಳಿದ್ದು ಬಸ್ಸಿನಲ್ಲಿ. ಮಕ್ಕಳನ್ನು ಶಾಲೆಗೆ ಬಿಟ್ಟು ಅವನು ಹೊಂಗೆಮರದ ನೆರಳಲ್ಲಿ ಬಸ್ಸು ನಿಲ್ಲಿಸಿದ್ದ. ಅವನು ಸ್ಟಿಯರಿಂಗ್ ಹಿಡಿದೇ ಕೇಳಿದ. ತುಂಡು ತಿರುಗುವುದು, ಎಳೆ ಬಿಡುವುದು, ಮುಚ್ಚಿಕೊಳ್ಳುವುದು, ಎಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಹೊಸದು ಅಂತ ಹೇಳಿದ್ದು ನಿನ್ನ ಪರೀಕ್ಷೆ ಅಂತ ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆದ್ರೂ ನಿನ್ನ ಕಿಟಕಿಗೇ ಬರ್ತಿದ್ಲು."

ಪ್ಲೇಟಮ್ಮ ತಲೆ ತಗ್ಗಿಸಿದಳು.

"ನಾನೂ ಏನು ಕಮ್ಮಿ ಇಲ್ಲ ಬಿಡಕ್ಕ" ಎಂದ ಅವನು. "ಅಮ್ಮ ಹೇಳಿದ್ರು ಅಂತ ಒಂದು ವರ್ಷ ಬೇರೆ ಕೋಣೇಲಿ ಮಲಗಿದೆ. ಅವಳು ಒಂದಿನಾನೂ ಕೇಳಲಿಲ್ಲ, ಯಾಕೆ ಅಂತ." ಆಮೇಲೆ, "ನಂಗೆ ಅದನ್ನ ತೋರಿಸ್ತೀಯಾ?" ಎಂದ.

ನಿಯಮದಲ್ಲಿ ಜಾಗವಿರಲಿಲ್ಲ. ಸಂಬಂಧ ಏನೆಂದು ಕೊನೆಗೂ ಕೇಳಿ ತಿಳಿದ ಹೊಸ ಡಾಕ್ಟರು ಜಾಗ ಮಾಡಿಕೊಟ್ಟಳು. ಒಂದು ಶನಿವಾರ ಮಧ್ಯಾಹ್ನ ಅವನಿಗೆ ಬಿಳಿ ಕೋಟು ತೊಡಿಸಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಅಂದೇ ಆ ಹನ್ನೊಂದನ್ನೂ ನಾಶ ಮಾಡುವುದೆಂದು ಪ್ಲೇಟಮ್ಮ ತೀರ್ಮಾನಿಸಿದ್ದಳು. ಪರೀಕ್ಷೆ ಮುಗಿದಿದೆ, ವರದಿ ಬರೆದಾಗಿದೆ, ಇನ್ನು ಇಟ್ಟುಕೊಂಡು ಏನು? ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರವನ್ನು ಲ್ಯಾಬಿನವರು ಕುಕ್ಕರ್ ಎನ್ನುತ್ತಿದ್ದರು. ತಮ್ಮನ ಎದುರಿಗೇ ಎಲ್ಲವನ್ನೂ ಅದರೊಳಗೆ ಹಾಕಿ ಬಾಗಿಲು ತಿರುಗಿಸಿಬಿಟ್ಟರೆ ಇಬ್ಬರಿಗೂ ಮನಸ್ಸು ತಣ್ಣಗಾದೀತು ಎಂದುಕೊಂಡಿದ್ದಳು.

ಅವನು ಕಣ್ಣು ಹಚ್ಚಿದ. ಗುಲಾಬಿ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು.

"ಇಷ್ಟೇನಾ?"

"ಇಷ್ಟೇ."

"ಎಳೆ ಕಾಣ್ತಿಲ್ಲ."

"ಅದು ಇದರಲ್ಲಿ ಕಾಣಲ್ಲ. ಅಷ್ಟು ಸಣ್ಣದು."

ಬಹಳ ಹೊತ್ತು ನೋಡಿದ. ಅವನ ಭುಜ ಅಲುಗಿತು. ಪ್ಲೇಟಮ್ಮ ಟ್ಯೂಬುಗಳ ಸ್ಟ್ಯಾಂಡನ್ನು ಕೈಗೆತ್ತಿಕೊಂಡು, "ಸಾಕು ಬಾ. ಇವನ್ನ ಇವತ್ತೇ ಮುಗಿಸಿಬಿಡೋಣ" ಎಂದಳು.

"ಮುಗಿಸೋದು ಅಂದ್ರೆ?"

"ಬೇಯಿಸಿಬಿಡೋದು. ಒಂದೂ ಉಳಿಯಲ್ಲ."

ಅವನು ತಿರುಗಿ ಕೂತ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. "ಬೇಡಕ್ಕ."

"ಏನಂತೀಯೋ? ಅವಳನ್ನ ಕೊಂದದ್ದು ಇದು."

"ಗೊತ್ತು. ಮೂರು ವರ್ಷ ಅವಳ ಮೈಯೊಳಗೆ ಇತ್ತು. ಅವಳ ಮೈಯಿಂದ ಬಂದದ್ದರಲ್ಲಿ ಜೀವ ಇರೋದು ಇನ್ನೇನಿದೆ ಹೇಳು? ನಮಗೆ ಮಕ್ಕಳಿಲ್ಲ. ಬಟ್ಟೆ ಎಲ್ಲ ಅಮ್ಮ ಕೊಟ್ಟುಬಿಟ್ರು. ಇರಲಿ ಬಿಡು. ಅಲ್ಲೇ ಇರಲಿ."

ಅವನಿಗೆ ತಲೆ ಕೆಟ್ಟಿದೆ ಎಂದು ಪ್ಲೇಟಮ್ಮನಿಗೆ ಅನ್ನಿಸಿತು. ಬಾಯಿಬಿಟ್ಟು ಬೈಯಲು ಹೋದವಳು, ಅವನಿಗೆ ಬೇಡ ಎನ್ನುವ ಅಧಿಕಾರ ತನಗಿಲ್ಲವೆಂದು ನೆನೆದು ಸುಮ್ಮನಾದಳು. ಸ್ಟ್ಯಾಂಡು ಇನ್ನೂ ಅವಳ ಕೈಯಲ್ಲೇ ಇತ್ತು. ಹೊಸ ಡಾಕ್ಟರು ಅದನ್ನು ಮೆಲ್ಲಗೆ ಇಸಿದುಕೊಂಡು ಪೆಟ್ಟಿಗೆಯಲ್ಲಿಟ್ಟಳು.

ಅಂದಿನಿಂದ ಅದನ್ನು ಸಾಕುವ ಕೆಲಸ ಪ್ಲೇಟಮ್ಮನ ಪಾಲಿಗೆ ಬಂತು. ವರ್ಷಕ್ಕೊಮ್ಮೆ ಎಬ್ಬಿಸಿ, ಬೆಳೆಸಿ, ಜೀವಂತವಿದೆಯೆಂದು ಖಾತ್ರಿ ಮಾಡಿ ಮತ್ತೆ ಮಲಗಿಸಬೇಕು. ಎಬ್ಬಿಸಿದಾಗಲೆಲ್ಲ ಕೆಲವು ಎಳೆ ಬಿಟ್ಟಿರುತ್ತಿದ್ದವು, ಕೆಲವು ಮುಚ್ಚಿಕೊಂಡಿರುತ್ತಿದ್ದವು. ಯಾವುದು ಯಾವಾಗ ತಿರುಗುತ್ತದೆಂದು ಹೊಸ ಡಾಕ್ಟರಿಗೂ ಹೇಳಲು ಬರುತ್ತಿರಲಿಲ್ಲ. ತಮ್ಮ ಆಗಾಗ ಫೋನು ಮಾಡಿ ಅದು ಇದು ಮಾತಾಡಿ ಕೊನೆಗೆ, "ಮತ್ತೆ, ಹೇಗಿದೆ?" ಎನ್ನುತ್ತಿದ್ದ. ಲ್ಯಾಬಿನ ಕೆಲಸ ಹೇಗಿದೆ ಎಂದು ಕೇಳುತ್ತಿದ್ದಾನೋ ಎಂದು ಮೊದಮೊದಲು ಅವಳು ಗೊಂದಲಪಟ್ಟಿದ್ದಳು. ಆಮೇಲೆ ಕೇಳಿಸಿಕೊಂಡ ತಕ್ಷಣ ತಿಳಿಯುತ್ತಿತ್ತು.

ಎರಡು ವರ್ಷಕ್ಕೆ ಹೊಸ ಡಾಕ್ಟರು ಈ ಪ್ರಕರಣವನ್ನು ಬರೆದು ಪ್ರಕಟಿಸಿದಳು. ಎಲ್ಲೂ ಹೆಸರಿಲ್ಲ, ಬರೀ ಒಂದು ಅಂಕಿ. ಓದಿದವರೊಬ್ಬರು ದೂರದ ದೇಶದಿಂದ, ಆ ತಿರುಗುವ ತುಂಡನ್ನು ತಡೆಯುವ ಔಷಧಿ ಹುಡುಕುತ್ತಿದ್ದೇವೆ, ಒಂದು ಮಾದರಿ ಕಳಿಸಿಕೊಡಿ ಎಂದು ಕೇಳಿದರು. ಪ್ಲೇಟಮ್ಮ ಮೂರು ಸುತ್ತಿನ ಡಬ್ಬಿಯಲ್ಲಿ, ಡ್ರೈ ಐಸಿನ ನಡುವೆ ಅದನ್ನು ಪ್ಯಾಕ್ ಮಾಡಿದಳು. ಅದನ್ನು ವಿಮಾನದ ಕೊರಿಯರಿಗೆ ಒಯ್ಯಬೇಕಿದ್ದ ಆಸ್ಪತ್ರೆಯ ವ್ಯಾನು ಅಂದು ಕೆಟ್ಟು ನಿಂತಿತ್ತು. ತಮ್ಮ, ನಾನು ಬರುತ್ತೇನೆ ಎಂದ.

ಮಧ್ಯಾಹ್ನದ ಬಿಡುವಿನಲ್ಲಿ ಖಾಲಿ ಬಸ್ಸು ತಂದ. ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. "ಊರು ಬಿಟ್ಟು ಆಚೆ ಹೋದವಳೇ ಅಲ್ಲ. ಈಗ ನೋಡು, ಸಮುದ್ರ ದಾಟ್ತಾಳೆ" ಎಂದು ನಕ್ಕ. ಪ್ಲೇಟಮ್ಮನಿಗೆ ನಗು ಬರಲಿಲ್ಲ. ದಾಟುತ್ತಿರುವುದು ಅವಳಲ್ಲವೋ, ಅವಳನ್ನು ತಿಂದದ್ದು, ಎನ್ನಲು ಹೊರಟವಳು ಬಸ್ಸಿನ ಕಿಟಕಿಗಳ ಕಡೆ ತಿರುಗಿದಳು.

ಡ್ರೈ ಐಸಿನಿಂದೇಳುವ ಉಸಿರುಕಟ್ಟಿಸುವ ಗಾಳಿ ಒಳಗೆ ಕಟ್ಟಿಕೊಳ್ಳಬಾರದೆಂದು ಕಿಟಕಿಗಳನ್ನೆಲ್ಲ ತೆರೆಸಿದಳು. ಅವನು ಡಬ್ಬಿಯನ್ನು ತನ್ನ ಪಕ್ಕದ ಸೀಟಿನಲ್ಲಿಟ್ಟು, ಸೀಟ್ ಬೆಲ್ಟ್ ಎಳೆದು ಅದಕ್ಕೆ ಕಟ್ಟಿದ. ಬಿಗಿಯಾಯಿತೇನೋ ಎಂದು ಒಮ್ಮೆ ಸಡಿಲಿಸಿ, ಮತ್ತೆ ಕಟ್ಟಿದ. ಪ್ಲೇಟಮ್ಮ ಹಿಂದಿನ ಸಾಲಿನಲ್ಲಿ, ಮಕ್ಕಳ ಅಳತೆಯ ಪುಟ್ಟ ಸೀಟಿನಲ್ಲಿ ಮೊಣಕಾಲು ಮಡಚಿ ಕುಳಿತಳು. ಬಸ್ಸು ಮುಂದೆ ಸಾಗಿತು. ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಅವನು ವೇಗ ತಗ್ಗಿಸಿ, ಎಡಗೈ ಚಾಚಿ ಡಬ್ಬಿಯನ್ನು ಹಿಡಿದುಕೊಳ್ಳುತ್ತಿದ್ದ.